ಒಂದಕ್ಷರ ತಪ್ಪಿದ್ರೆ ಏನಾಗುತ್ತೆ? ಕಮಾಂಡ್ ಲೈನ್‌ನಲ್ಲಿ ಡಿಸ್ಕ್ ಸಿದ್ಧ ಮಾಡೋ ಕಥೆ

ಬಸ್ಸಲ್ಲಿ ಕೂತಿದ್ದೀರೋ, ಮನೇಲಿ ಪಾತ್ರೆ ತೊಳೀತಿದ್ದೀರೋ, ಒಂದು ಐದು ನಿಮಿಷ ನನ್ನ ಜೊತೆ ಇರಿ.

ನಾನು ಬಿಕಾಂ ಓದಿದವನು. ಆದ್ರೂ ಇವತ್ತು ಲಿನಕ್ಸ್‌ನಲ್ಲಿ ಹೊಸ ಡಿಸ್ಕಿಗೆ ಫೈಲ್ ಸಿಸ್ಟಮ್ ಹಾಕೋದು ಹೇಗೆ ಅಂತ ಹೇಳೋಕೆ ಬಂದಿದ್ದೀನಿ. ಯಾಕಂದ್ರೆ ಈ ಕೆಲಸದಲ್ಲಿ ಒಂದೇ ಒಂದು ಅಕ್ಷರ ತಪ್ಪಿ, ನಮ್ಮ ತಾತನ ಧ್ವನಿಯನ್ನ ಕೈಯಾರೆ ಅಳಿಸಿದವನು ನಾನು.

ತಾತ ಕಿರಾಣಿ ಅಂಗಡಿ ಇಟ್ಟಿದ್ರು. ಲೆಕ್ಕಕ್ಕೆ ಎರಡು ಪುಸ್ತಕ. ವ್ಯವಹಾರ ನಡೆದ ಹಾಗೇ ಬರೆಯೋದು ಕಿರ್ದಿಯಲ್ಲಿ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅದನ್ನ ಒಬ್ಬೊಬ್ಬರ ಖಾತೆಗೆ ಏರಿಸೋದು. ಫೈಲ್ ಸಿಸ್ಟಮ್ ಕೂಡ ಹೆಚ್ಚುಕಡಿಮೆ ಹೀಗೇ. ಹೊಸ ಡಿಸ್ಕ್ ಅಂದ್ರೆ ಗೆರೆ ಎಳೆಯದ ಖಾಲಿ ಪುಸ್ತಕ. ಎಂಕೆಎಫ್‌ಎಸ್ ಅನ್ನೋ ಕಮಾಂಡ್ ಅದಕ್ಕೆ ಗೆರೆ ಎಳೆದು, ಪುಟ ವಿಂಗಡಿಸಿ, ಪರಿವಿಡಿ ಸಿದ್ಧ ಮಾಡುತ್ತೆ. ಎಕ್ಸ್‌ಟ್4 ಅನ್ನೋ ಫೈಲ್ ಸಿಸ್ಟಮ್ ತಗೊಳ್ಳಿ. 2008ರಿಂದ ಲಿನಕ್ಸ್ ಕರ್ನೆಲ್‌ನಲ್ಲಿ ಪೂರ್ಣ ಪ್ರಮಾಣದಲ್ಲಿ ಬಳಕೆಯಲ್ಲಿದೆ. ಅದರ ಪುಟಕ್ಕೆ ಬ್ಲಾಕ್ ಅಂತಾರೆ, ಸಾಮಾನ್ಯವಾಗಿ 4096 ಬೈಟ್. ಪರಿವಿಡಿಯ ಒಂದೊಂದು ನಮೂದು ಐನೋಡ್: ಫೈಲ್ ಯಾರದ್ದು, ಎಷ್ಟು ದೊಡ್ಡದು, ಯಾವ ಬ್ಲಾಕ್‌ಗಳಲ್ಲಿದೆ ಅನ್ನೋ ವಿವರ. ಇದಕ್ಕೊಂದು ಕಿರ್ದಿಯೂ ಇದೆ, ಹೆಸರೇ ಜರ್ನಲ್! ಪರಿವಿಡಿಯಲ್ಲಿ ಮಾಡೋ ಬದಲಾವಣೆನ ಮೊದಲು ಅಲ್ಲಿ ಬರೆದು, ಆಮೇಲೆ ಅದರದರ ಜಾಗಕ್ಕೆ ಏರಿಸುತ್ತೆ. ಮಧ್ಯೆ ಕರೆಂಟ್ ಹೋದ್ರೆ ಕಿರ್ದಿ ನೋಡಿ ಲೆಕ್ಕ ಸರಿಮಾಡ್ಕೊಳ್ಳುತ್ತೆ.

ಈಗ ಕೆಲಸಕ್ಕೆ ಬರೋಣ. ಮೊದಲು ಎಲ್‌ಎಸ್‌ಬಿಎಲ್‌ಕೆ ಅಂತ ಟೈಪ್ ಮಾಡಿ. ಸಿಕ್ಕಿಸಿರೋ ಡಿಸ್ಕ್‌ಗಳೆಲ್ಲ ಸಾಲಾಗಿ ಬರುತ್ತೆ: ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ. ಪಕ್ಕದಲ್ಲಿ ಗಾತ್ರ. 1 ಟಿಬಿ ಡಿಸ್ಕ್ 931 ಜಿ ಅಂತ ಕಾಣುತ್ತೆ, ಅಂಗಡಿಯವನು ಮೋಸ ಮಾಡಿಲ್ಲ. ಕಂಪನಿ 1000ದ ಲೆಕ್ಕದಲ್ಲಿ ಎಣಿಸುತ್ತೆ, ಈ ಕಮಾಂಡ್ 1024ರ ಲೆಕ್ಕದಲ್ಲಿ.

ಎರಡನೇದು, ಎಫ್‌ಡಿಸ್ಕ್‌ನಿಂದ ಪಾರ್ಟಿಷನ್. ಅದರೊಳಗೆ ಜಿ ಒತ್ತಿದ್ರೆ ಹೊಸ ಟೇಬಲ್, ಎನ್ ಒತ್ತಿದ್ರೆ ಹೊಸ ಪಾರ್ಟಿಷನ್, ಡಬ್ಲ್ಯೂ ಒತ್ತಿದ್ರೆ ಬರೆಯುತ್ತೆ. ಡಬ್ಲ್ಯೂ ಒತ್ತೋ ತನಕ ಡಿಸ್ಕ್ ಮೇಲೆ ಏನೂ ಬದಲಾಗಲ್ಲ; ಅನುಮಾನ ಬಂದ್ರೆ ಕ್ಯೂ ಒತ್ತಿ ಹೊರಗೆ ಬನ್ನಿ.

ಮೂರನೇದೇ ಅಸಲಿ. ಸುಡೊ, ಎಂಕೆಎಫ್‌ಎಸ್ ಡಾಟ್ ಎಕ್ಸ್‌ಟ್4, ಹೈಫನ್ ದೊಡ್ಡ ಎಲ್ ಹಾಕಿ ಡಿಸ್ಕಿಗೊಂದು ಹೆಸರು, ಕೊನೆಗೆ ಸ್ಲ್ಯಾಶ್ ಡೆವ್ ಸ್ಲ್ಯಾಶ್ ಎಸ್‌ಡಿಬಿ1. ಎಂಟರ್. ಒಂದು ವಿಷಯ, ಎಕ್ಸ್‌ಟ್4 ತಾನಾಗೇ 5% ಜಾಗವನ್ನ ರೂಟ್‌ಗೆ ಅಂತ ಎತ್ತಿಡುತ್ತೆ. 1 ಟಿಬಿಯಲ್ಲಿ ಅದು 46 ಜಿಬಿ ಹತ್ತಿರ! ಬರೀ ಫೈಲ್ ಇಡೋ ಡಿಸ್ಕ್ ಆದ್ರೆ ಹೈಫನ್ ಎಂ 1 ಅಂತ ಸೇರಿಸಿ, 1% ಸಾಕು. ವಿಂಡೋಸ್‌ಗೂ ಸಿಕ್ಕಿಸ್ತೀರಾ? ಹಾಗಿದ್ರೆ ಎಕ್ಸ್‌ಫ್ಯಾಟ್ ಮಾಡ್ಕೊಳ್ಳಿ.

ಆಮೇಲೆ ಮೌಂಟ್. ಪ್ರತಿ ಸಲ ತಾನಾಗೇ ಸೇರಬೇಕು ಅಂದ್ರೆ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಎಸ್‌ಡಿಬಿ1 ಅಂತ ಬರೀಬೇಡಿ, ಬಿಎಲ್‌ಕೆಐಡಿ ಕಮಾಂಡ್ ತೋರಿಸೋ ಯುಯುಐಡಿ ಬರೀರಿ.

ಯಾಕೆ ಅಂತೀರಾ? ಎ, ಬಿ, ಸಿ ಅನ್ನೋದು ಡಿಸ್ಕಿನ ಹೆಸರಲ್ಲ. ಕಂಪ್ಯೂಟರಿಗೆ ಕಂಡ ಸರದಿ ಅಷ್ಟೇ. ನಾನು ಎಡವಿದ್ದು ಇಲ್ಲೇ. ಹಿಂದಿನ ದಿನ ಹೊಸ ಡಿಸ್ಕ್ ಬಿ ಆಗಿತ್ತು. ಮರುದಿನ ಎರಡನ್ನೂ ಕಿತ್ತು ಹಾಕಿದೆ, ಸರದಿ ಅದಲುಬದಲಾಯ್ತು. ನಾನು ನೋಡದೆ ಮೇಲಿನ ಬಾಣದ ಕೀ ಒತ್ತಿ ಹಳೇ ಕಮಾಂಡನ್ನೇ ಓಡಿಸ್ದೆ. 'ಇದರಲ್ಲಿ ಈಗಾಗಲೇ ಫೈಲ್ ಸಿಸ್ಟಮ್ ಇದೆ, ಮುಂದುವರಿಯಲಾ?' ಅಂತ ಅದು ಕೇಳ್ತು ಕಣ್ರೀ. ವೈ ಒತ್ತಿಬಿಟ್ಟೆ. ಕೆಲವೇ ಕ್ಷಣ. ತಾತನ ಏಳು ರೆಕಾರ್ಡಿಂಗ್ ಅದರಲ್ಲಿತ್ತು. ಅಷ್ಟೊತ್ತಿಗೆ ತಾತ ತೀರಿಕೊಂಡು ಎಂಟು ತಿಂಗಳಾಗಿತ್ತು.

ಹಾರ್ಡ್ ಡಿಸ್ಕ್ ಆಗಿದ್ದು ಪುಣ್ಯ. ಪರಿವಿಡಿ ಹೋದ್ರೂ ಪುಟಗಳಲ್ಲಿ ಬರೆದಿದ್ದು ಬಹಳಷ್ಟು ಹಾಗೇ ಇರುತ್ತೆ. ಎಸ್‌ಎಸ್‌ಡಿ ಆಗಿದ್ರೆ ಎಂಕೆಎಫ್‌ಎಸ್ ಆ ಬ್ಲಾಕ್‌ಗಳನ್ನೂ ಖಾಲಿ ಮಾಡೋಕೆ ಹೇಳ್ತಿತ್ತು. ಡಿಸ್ಕಿಗೆ ಹೊಸದಾಗಿ ಏನೂ ಬರೆಯದೆ, ಫೋಟೊರೆಕ್ ಅನ್ನೋ ಉಚಿತ ತಂತ್ರಾಂಶ ರಾತ್ರಿಯಿಡೀ ಓಡಿಸ್ದೆ. ಬಂದಿದ್ದು ಮೂರು. ಫೈಲ್‌ಗಳಿಗೆ ಹೆಸರಿಲ್ಲ, ಬರೀ ಸಂಖ್ಯೆ. ಒಂದೊಂದನ್ನೂ ಕೇಳಿ ಯಾವುದು ಅಂತ ಗುರುತಿಸಬೇಕಾಯ್ತು.

ಅದಕ್ಕೇ ಹೇಳೋದು. ಎಂಕೆಎಫ್‌ಎಸ್ ಓಡಿಸೋ ಮುಂಚೆ ಬೇರೆ ಡಿಸ್ಕ್‌ಗಳನ್ನ ಕಿತ್ತಿಡಿ. ಎಲ್‌ಎಸ್‌ಬಿಎಲ್‌ಕೆ ಅದೇ ಗಳಿಗೆಯಲ್ಲಿ ನೋಡಿ, ನಿನ್ನೆ ನೋಡಿದ್ದು ಲೆಕ್ಕಕ್ಕಿಲ್ಲ. ಮುಖ್ಯವಾದದ್ದು ಎರಡು ಕಡೆ ಇರಲಿ.

ಉಳಿದ ಮೂರರಲ್ಲಿ ಒಂದರಲ್ಲಿ ತಾತ ಕಿರ್ದಿ ಬರೆಯೋದು ಹೇಗೆ ಅಂತ ನಂಗೆ ಹೇಳ್ಕೊಡ್ತಾರೆ: 'ಮೊತ್ತ ಆಮೇಲೆ ಬರಿ ಮಗಾ, ಮೊದ್ಲು ಯಾರ ಖಾತೆ ಅಂತ ಓದ್ಕೊ.' ಆಗ ನಾನು ಹೂಂ ಅಂದಿದ್ದು ಕೂಡ ರೆಕಾರ್ಡ್ ಆಗಿದೆ.

ಮುಂದಿನ ಕಂತಲ್ಲಿ ಸಿಗೋಣ. ಅಷ್ಟರಲ್ಲಿ ನಿಮ್ಮನೆ ಹಿರಿಯರ ಒಂದು ರೆಕಾರ್ಡಿಂಗ್‌ನ ಇನ್ನೊಂದು ಕಡೆ ಕಾಪಿ ಮಾಡಿಡಿ. ನಮಸ್ಕಾರ.