ಶಾಲೆಯೇ ಮಗುವಿನ ಬಳಿಗೆ ಹೋಗಲಿ

ನಮ್ಮ ಕ್ಯಾಂಪ್ ಭಾಗದಲ್ಲಿ ಬೆಳಿಗ್ಗೆ ಎರಡು ಬಗೆಯ ಪುಟಾಣಿಗಳು ಕಣ್ಣಿಗೆ ಬೀಳುತ್ತಾರೆ. ಕೊರಳಿಗೆ ನೀರಿನ ಬಾಟಲಿ ನೇತುಹಾಕಿಕೊಂಡು ರಿಕ್ಷಾದಲ್ಲಿ ನರ್ಸರಿಗೆ ಹೊರಟವರು ಒಂದು ಬಗೆ. ಅಮ್ಮನ ಸೆರಗು ಹಿಡಿದು ಅರ್ಧ ಕಟ್ಟಿದ ಕಟ್ಟಡದ ಕಡೆಗೆ ಹೊರಟವರು ಇನ್ನೊಂದು ಬಗೆ. ಈ ಎರಡನೆಯ ಗುಂಪಿಗೆ ಕಿವಿಗೊಟ್ಟರೆ ಎಷ್ಟೋ ಸಲ ಕೇಳಿಸುವುದು ಕನ್ನಡವೇ. ಕಲಬುರಗಿಯ, ಯಾದಗಿರಿಯ, ವಿಜಯಪುರದ ಕನ್ನಡ. ಊರಲ್ಲಿ ಮಳೆ ಕೈಕೊಟ್ಟಾಗ ಗುಳೆ ಬಂದ ಕುಟುಂಬಗಳು ಇವು. ವಾಸ ಪತ್ರಾ ಶೆಡ್ಡಿನಲ್ಲಿ. ಒಂದು ಕಟ್ಟಡ ಮುಗಿದರೆ ಗಂಟುಮೂಟೆ ಇನ್ನೊಂದಕ್ಕೆ.

ಆರು ವರ್ಷದೊಳಗಿನ ಈ ಮಕ್ಕಳ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಸಿಗುವುದು ಕಷ್ಟ. ಇದಕ್ಕೆ ತಂದೆತಾಯಿಯ ಅಸಡ್ಡೆಯೇ ಕಾರಣವೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಕಾನೂನಿನ ಕಡೆಗೂ ಸ್ವಲ್ಪ ನೋಡಬೇಕು.

ಸಂವಿಧಾನದ ಮೂಲ 45ನೇ ವಿಧಿ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳ ಶಿಕ್ಷಣದ ಮಾತಾಡಿತ್ತು. ಕೆಳಗಿನ ವಯಸ್ಸನ್ನು ಅಲ್ಲಿ ಹೇಳಿರಲಿಲ್ಲ. 2002ರಲ್ಲಿ 86ನೇ ತಿದ್ದುಪಡಿ ಬಂದಾಗ ಶಿಕ್ಷಣ ಮೂಲಭೂತ ಹಕ್ಕಾಯಿತು, ಆದರೆ ಆರರಿಂದ ಹದಿನಾಲ್ಕರವರಿಗೆ ಮಾತ್ರ. ಆರರೊಳಗಿನವರಿಗೆ ಸಿಕ್ಕಿದ್ದು ಸರ್ಕಾರ 'ಪ್ರಯತ್ನಿಸತಕ್ಕದ್ದು' ಎಂಬ ಆಶ್ವಾಸನೆ. 2009ರ ಶಿಕ್ಷಣ ಹಕ್ಕು ಕಾಯಿದೆಯೂ ಮೂರು ವರ್ಷ ದಾಟಿದ ಮಕ್ಕಳಿಗೆ ಪೂರ್ವ ಪ್ರಾಥಮಿಕ ಶಿಕ್ಷಣದ ಏರ್ಪಾಡು 'ಮಾಡಬಹುದು' ಎಂದಿತೇ ಹೊರತು 'ಮಾಡಲೇಬೇಕು' ಎನ್ನಲಿಲ್ಲ. ಆರು ತುಂಬಿದ ಮಗುವಿಗೆ ಸೀಟು ಕೊಡದಿದ್ದರೆ ಕೋರ್ಟಿಗೆ ಹೋಗಬಹುದು. ನಾಲ್ಕರ ಮಗುವಿನ ಪರವಾಗಿ ಯಾವ ಬಾಗಿಲು ತಟ್ಟೋಣ?

ಅಂಗನವಾಡಿ ಇದೆಯಲ್ಲ ಎನ್ನುತ್ತೀರಿ. ನಿಜ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಯೋಜನೆ ಅದು, ನಮ್ಮ ಟಿ. ನರಸೀಪುರವೂ ಆ ಮೊದಲ ಪಟ್ಟಿಯಲ್ಲಿತ್ತು. ಎಲ್ಲಿ ಆರು ವರ್ಷದೊಳಗಿನ ನಲವತ್ತು ಮಕ್ಕಳಿದ್ದೂ ಅಂಗನವಾಡಿ ಇಲ್ಲವೋ ಅಲ್ಲಿಯವರು ಕೇಳಿದ ಮೂರು ತಿಂಗಳೊಳಗೆ ಒಂದನ್ನು ತೆರೆಯಬೇಕೆಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರಿನಲ್ಲಿ ಆದೇಶಿಸಿತು. ಹಳ್ಳಿಗಳಿಗೆ, ಕೊಳೆಗೇರಿಗಳಿಗೆ ಅನುಕೂಲವಾದ ಮಾತು. ಆದರೆ ಬಿಲ್ಡರನ ತಗಡಿನ ಬೇಲಿಯೊಳಗಿನ ಶೆಡ್ಡುಗಳು ಹಳ್ಳಿಯೂ ಅಲ್ಲ, ಕೊಳೆಗೇರಿಯೂ ಅಲ್ಲ. ಅಲ್ಲಿ ಅರ್ಜಿ ಬರೆಯುವವರು ಯಾರು? ಬರೆದು ಮಂಜೂರಾಗುವಷ್ಟರಲ್ಲಿ ಸ್ಲ್ಯಾಬ್ ಮುಗಿದು ಮಕ್ಕಳು ಬೇರೆ ಸೈಟಿಗೆ ಹೋಗಿರುತ್ತಾರೆ.

ಇದಕ್ಕೆ ಉತ್ತರವನ್ನು ಮಹಾರಾಷ್ಟ್ರವೇ ಬಹಳ ಹಿಂದೆ ತೋರಿಸಿಕೊಟ್ಟಿದೆ. ತಾರಾಬಾಯಿ ಮೋಡಕ್ 1945ರಲ್ಲಿ ಬೋರ್ಡಿಯಲ್ಲಿ ಗ್ರಾಮ ಬಾಲಶಿಕ್ಷಣ ಕೇಂದ್ರ ಆರಂಭಿಸಿದರು. ಬಡ ಮಕ್ಕಳು ಬಾಲವಾಡಿಗೆ ಬರುವುದಿಲ್ಲವೆಂದು ಕಂಡಾಗ ಅವರು ಮಕ್ಕಳನ್ನು ದೂರಲಿಲ್ಲ. ಬಾಲವಾಡಿಯನ್ನೇ ಅವರ ಕೇರಿಯ ಅಂಗಳಕ್ಕೆ ಒಯ್ದರು. ಅನುತಾಯಿ ವಾಘ್ ಅವರೊಡನೆ 1957ರಲ್ಲಿ ಕೋಸಬಾಡದ ಆದಿವಾಸಿಗಳ ನಡುವೆ ನೆಲೆಸಿದ ಮೇಲೆ ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಶಾಲೆ ನಡೆಯಿತು. ಕಲಿಕೆಗೆ ಬಳಸಿದ್ದು ಎಲೆ, ಕಾಯಿ, ಬೀಜ, ಕಲ್ಲು. ದುಬಾರಿ ಆಟಿಕೆಗೆ ಸಾವಿರಗಟ್ಟಲೆ ಫೀ ಕಟ್ಟುವ ನಾವು ಇದನ್ನೊಮ್ಮೆ ನೆನೆಯುವುದು ಒಳ್ಳೆಯದು.

ಕಟ್ಟಡದ ಮಕ್ಕಳಿಗಾಗಿ ಇದೇ ದಾರಿ ಹಿಡಿದವರು ಮೀರಾ ಮಹಾದೇವನ್. 1969ರಲ್ಲಿ ದೆಹಲಿಯ ಕಾಮಗಾರಿ ಜಾಗದಲ್ಲಿ ಅವರು ಆರಂಭಿಸಿದ ಮೊಬೈಲ್ ಕ್ರೆಷ್ 1980ರ ದಶಕದಲ್ಲಿ ಪುಣೆಗೂ ಬಂತು. ಇಲ್ಲಿ ಅದು ತಾರಾ ಮೊಬೈಲ್ ಕ್ರೆಷಸ್. ಸೈಟಿನಲ್ಲೇ ಒಂದು ಕೋಣೆ, ಒಬ್ಬ ತಾಯಿ, ಊಟ, ಹಾಡು, ಆಟ. ಇದರಿಂದ ಬದುಕುವವಳು ಚಿಕ್ಕ ಕೂಸು ಮಾತ್ರವಲ್ಲ. ಅದನ್ನು ಸೊಂಟಕ್ಕೇರಿಸಿಕೊಂಡು ಇಡೀ ದಿನ ನಿಲ್ಲುವ ಎಂಟು ವರ್ಷದ ಅಕ್ಕ ಇರುತ್ತಾಳಲ್ಲ, ಅವಳ ಶಾಲೆಯೂ ಉಳಿಯುತ್ತದೆ. ಅವಳಿಗೆ ಮೂಲಭೂತ ಹಕ್ಕಿದೆ. ತಮ್ಮನಿಗೆ ಇಲ್ಲದ್ದರಿಂದ ಅವಳದೂ ಕೈತಪ್ಪುತ್ತದೆ.

ಹಣ ಇಲ್ಲವೆನ್ನುವಂತಿಲ್ಲ. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಟ್ಟಡದಲ್ಲಿ ಆರರೊಳಗಿನ ಮಕ್ಕಳಿಗೆ ಕೋಣೆ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯಿದೆ ಹೇಳಿತ್ತು. ಜೊತೆಗೇ ನಿರ್ಮಾಣ ವೆಚ್ಚದ ಮೇಲೆ ಶೇಕಡ 1ರ ಸೆಸ್. 2018ರಲ್ಲಿ ಸುಪ್ರೀಂ ಕೋರ್ಟ್ ಲೆಕ್ಕ ತೆಗೆಸಿದಾಗ ದೇಶದಲ್ಲಿ ಸಂಗ್ರಹವಾದದ್ದು 37,400 ಕೋಟಿಗೂ ಮಿಕ್ಕಿ, ಖರ್ಚಾದದ್ದು ಸುಮಾರು 9,500 ಕೋಟಿ. 2025ರ ನವೆಂಬರಿನಿಂದ ಹಳೆಯ ಕಾಯಿದೆಯ ಜಾಗದಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಐವತ್ತರ ಗೆರೆ ಹೋಗಿಲ್ಲ. ಆದರೆ ಒಂದೇ ಸೈಟಿನ ಕೆಲಸ ಐದಾರು ಗುತ್ತಿಗೆದಾರರಿಗೆ ಹಂಚಿಹೋದಾಗ ಐವತ್ತನ್ನು ಯಾರ ಮಸ್ಟರಿನಲ್ಲಿ ಎಣಿಸುವುದು? ನನ್ನನ್ನು ಕೇಳಿದರೆ ಮಸ್ಟರು ಬಿಟ್ಟು ಮಕ್ಕಳ ತಲೆ ಎಣಿಸಬೇಕು. ಕಟ್ಟಡದ ನಕ್ಷೆ ಮಂಜೂರು ಮಾಡುವಾಗಲೇ ಮಕ್ಕಳ ಕೋಣೆಗೆ ಜಾಗ ತೋರಿಸಿ ಎಂದು ಷರತ್ತು ಹಾಕಬೇಕು. ಸೆಸ್ ಹಣದಿಂದ ತಾಯಿಗೆ ಸಂಬಳ ಕೊಡಬೇಕು.

ಕರ್ನಾಟಕ ಸರ್ಕಾರ 2023ರಲ್ಲಿ ಉದ್ಯೋಗ ಖಾತ್ರಿ ಕೂಲಿಕಾರರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಎಂಬ ಯೋಜನೆ ಘೋಷಿಸಿತು. ಹೆಸರೇ ಎಷ್ಟು ಚೆನ್ನಾಗಿದೆ! ಆದರೆ ಯಾದಗಿರಿಯ ಕೂಸು ಪುಣೆಯಲ್ಲಿರುವಾಗ ಅದರ ಮನೆ ಯಾದಗಿರಿಯಲ್ಲಿದ್ದು ಏನು ಪ್ರಯೋಜನ? ಅಂಗನವಾಡಿಗಳ ಪೋಷಣ್ ಟ್ರ್ಯಾಕರಿನಲ್ಲಿ ಮಗುವಿನ ಹೆಸರನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ವರ್ಗಾಯಿಸುವ ಸೌಲಭ್ಯವಿದೆ. ಹೆಸರೇನೋ ಬರುತ್ತದೆ, ಭಾಷೆ ಬರುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಳೆಯರಿಗೆ ಮನೆಮಾತಿನಲ್ಲಿ ಕಲಿಸಿ ಎಂದಿತು. 2025ರಲ್ಲಿ ಈ ರಾಜ್ಯದಲ್ಲಿ ಒಂದನೇ ಇಯತ್ತೆಯ ಮೂರನೇ ಭಾಷೆಯ ಬಗ್ಗೆ ದೊಡ್ಡ ಗದ್ದಲವಾಗಿ, ಜೂನ್ 29ರಂದು ಸರ್ಕಾರ ಆದೇಶವನ್ನೇ ಹಿಂದಕ್ಕೆ ಪಡೆಯಿತು. ಮೂರು ವರ್ಷದ ಮಗುವಿನ ಮೊದಲ ಭಾಷೆಯ ಬಗ್ಗೆ ಅಂಥ ಗದ್ದಲ ಕೇಳಲಿಲ್ಲ. ಮರಾಠಿ ಅವರಿಗೆ ಬೇಕೇ ಬೇಕು, ಬೇಗ ಬರುತ್ತದೆ ಕೂಡ. ಆದರೆ 'ಹೊಟ್ಟಿ ನೋಯಾಕತ್ತೈತಿ' ಎಂದು ಮಗು ಅತ್ತಾಗ ಅರ್ಥವಾಗುವ ಒಬ್ಬರಾದರೂ ಆ ಕೋಣೆಯಲ್ಲಿ ಇರಬೇಕು. ಅದೇ ಶೆಡ್ಡಿನ, ನಾಲ್ಕಕ್ಷರ ಕಲಿತ ಸೊಸೆಯೊಬ್ಬಳಿಗೆ ತರಬೇತಿ ಕೊಟ್ಟು ಸಹಾಯಕಿಯ ಕೆಲಸ ಕೊಡಬಹುದು. ಇಟ್ಟಿಗೆ ಹೊರುವುದಕ್ಕಿಂತ ಅವಳಿಗೂ ಅದು ಮೇಲು.

ನಮ್ಮವರಲ್ಲಿ ಅನೇಕರು ಕೊಂಢವಾ, ವಾನವಡಿ ಕಡೆ ಫ್ಲ್ಯಾಟು ನೋಡಲು ಹೋಗುತ್ತೀರಿ. ಪಾರ್ಕಿಂಗ್ ಎಲ್ಲಿ, ನೀರು ಎಷ್ಟು ಹೊತ್ತು ಎಂದೆಲ್ಲ ಕೇಳುತ್ತೀರಿ. ಬುಕಿಂಗ್ ಚೆಕ್ಕಿಗೆ ಸಹಿ ಹಾಕುವ ಮೊದಲು ಇನ್ನೊಂದು ಮಾತು ಕೇಳಿ: ಕೆಲಸಗಾರರ ಮಕ್ಕಳ ಕೋಣೆ ಎಲ್ಲಿದೆ, ತೋರಿಸುತ್ತೀರಾ? ಸೇಲ್ಸ್ ಆಫೀಸಿನವರು ಯಾರಿಗೂ ಕೊಡದ ಉತ್ತರವನ್ನು ಗಿರಾಕಿಗೆ ಕೊಡಬೇಕಾಗುತ್ತದೆ.