ಷಟ್ಚಕ್ರಗಳಲ್ಲಿ ಸಂಕಲ್ಪದ ಅವರೋಹಣ



ಷಟ್ಚಕ್ರಗಳೆಂದ ಕೂಡಲೆ ಕೇಳುವವರ ಲಕ್ಷ್ಯವು ಮೇಲಕ್ಕೆ ಹೋಗುವದು. ಆಧಾರದಲ್ಲಿ ಸುಪ್ತವಾಗಿರುವ ಶಕ್ತಿಯು ಸ್ವಾಧಿಷ್ಠಾನ, ಮಣಿಪೂರಕ, ಅನಾಹತ, ವಿಶುದ್ಧಿಗಳನ್ನು ದಾಟಿ ಆಜ್ಞೆಯನ್ನು ಸೇರುವದೆಂಬ ಮಾತನ್ನು ಎಲ್ಲರೂ ಬಲ್ಲರು. ವಂಗದೇಶದ ಪೂರ್ಣಾನಂದಯತಿಯು 1577ರಲ್ಲಿ ರಚಿಸಿದ ಷಟ್ಚಕ್ರನಿರೂಪಣವೂ ಈ ಆರೋಹಣಕ್ರಮವನ್ನೇ ವರ್ಣಿಸುವದು. ಆದರೆ ಏರುವ ದಾರಿಯೇ ಇಳಿಯುವ ದಾರಿಯೂ ಆಗಿದೆಯೆಂಬದು ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ. ತಲೆಯಲ್ಲಿ ಹೊಳೆದ ಸದ್ವಿಚಾರವು ಕೈಯ ಕೆಲಸವಾಗುವದು ಹೇಗೆ, ಬಹುತರವಾಗಿ ಆಗದೆ ಹೋಗುವದೇಕೆ, ಎಂಬ ಪ್ರಶ್ನೆಗೆ ಉತ್ತರವನ್ನು ಈ ಅವರೋಹಣದಲ್ಲಿಯೇ ಹುಡುಕತಕ್ಕದ್ದು.

ಈಚೆಗೆ ಪಾಶ್ಚಾತ್ಯ ದೇಶಗಳಲ್ಲಿ ಚಕ್ರಗಳನ್ನು ಕಾರ್ಯಸಿದ್ಧಿಯ ಮೆಟ್ಟಲುಗಳೆಂದು ಬೋಧಿಸುವ ಪುಸ್ತಕಗಳು ಹೊರಟಿವೆ. ಒಂದೊಂದು ಚಕ್ರಕ್ಕೆ ಕಾಮನಬಿಲ್ಲಿನ ಒಂದೊಂದು ಬಣ್ಣವನ್ನು ಹಚ್ಚುವ ಅವರ ಪದ್ಧತಿಗೆ ಪ್ರಾಚೀನ ಗ್ರಂಥಗಳ ಸಮ್ಮತಿಯಿಲ್ಲ. ಆದರೂ ವಿಚಾರವು ಮೇಲಿನಿಂದ ಕೆಳಗಿಳಿದು ಬರಬೇಕೆಂಬ ಅವರ ಸೂಚನೆಯು ತಳ್ಳಿಹಾಕತಕ್ಕದ್ದಲ್ಲ. ಷಟ್ಸ್ಥಲಶಾಸ್ತ್ರದಲ್ಲಿಯಾದರೋ ಇದಕ್ಕಿಂತಲೂ ಸೂಕ್ಷ್ಮವಾದ ವ್ಯವಸ್ಥೆಯೇ ಉಂಟು.

ಅದು ಹೇಗೆಂದರೆ: ಆಧಾರದಲ್ಲಿ ಭಕ್ತಸ್ಥಲವೂ ಆಚಾರಲಿಂಗವೂ, ಸ್ವಾಧಿಷ್ಠಾನದಲ್ಲಿ ಮಹೇಶಸ್ಥಲವೂ ಗುರುಲಿಂಗವೂ, ಮಣಿಪೂರಕದಲ್ಲಿ ಪ್ರಸಾದಿಸ್ಥಲವೂ ಶಿವಲಿಂಗವೂ, ಅನಾಹತದಲ್ಲಿ ಪ್ರಾಣಲಿಂಗಿಸ್ಥಲವೂ ಜಂಗಮಲಿಂಗವೂ, ವಿಶುದ್ಧಿಯಲ್ಲಿ ಶರಣಸ್ಥಲವೂ ಪ್ರಸಾದಲಿಂಗವೂ, ಆಜ್ಞೆಯಲ್ಲಿ ಐಕ್ಯಸ್ಥಲವೂ ಮಹಾಲಿಂಗವೂ ನೆಲಸಿರುವವು. ಪ್ರತಿಯೊಂದು ಲಿಂಗಕ್ಕೆ ಒಂದು ಶಕ್ತಿ, ಒಂದು ಹಸ್ತ, ಒಂದು ಮುಖ ಇವೆ. ಶಕ್ತಿಗಳನ್ನು ಮೇಲಿನಿಂದ ಎಣಿಸುತ್ತ ಬಂದರೆ ಚಿತ್, ಪರಾ, ಆದಿ, ಇಚ್ಛಾ, ಜ್ಞಾನ, ಕ್ರಿಯಾ ಎಂದಾಗುವದು. ಚಿಚ್ಛಕ್ತಿಯು ಹುಬ್ಬುಗಳ ನಡುವೆ, ಕ್ರಿಯಾಶಕ್ತಿಯು ಎಲ್ಲಕ್ಕೂ ಕೆಳಗೆ. ನಡುವೆ ನಾಲ್ಕು ನೆಲೆಗಳು. ಹೊಳೆದುದನ್ನು ಹೊಳೆದ ಕ್ಷಣದಲ್ಲಿಯೇ ಮಾಡಹೊರಡುವವನೂ, ಹೊಳೆದುದನ್ನು ಹೊಳೆದಲ್ಲಿಯೇ ಇರಿಸಿಕೊಂಡು ಕೂಡುವವನೂ ಈ ನಾಲ್ಕು ನೆಲೆಗಳನ್ನು ಕಾಣದವರೇ ಸರಿ.

ಆಜ್ಞೆಯಿಂದ ಕೆಳಗಿಳಿದರೆ ಮೊದಲು ಸಿಕ್ಕುವದು ಕಂಠಸ್ಥಾನದ ವಿಶುದ್ಧಿ. ಹದಿನಾರು ಸ್ವರಾಕ್ಷರಗಳ ಕಮಲವಾದುದರಿಂದ ಇದು ಮಾತಿನ ಸ್ಥಾನವೆಂದು ಯಾರಾದರೂ ತಿಳಿಯುವರು. ಆದರೆ ಶಾಸ್ತ್ರವು ಇಲ್ಲಿಯ ಲಿಂಗಕ್ಕೆ ಕೊಟ್ಟ ಮುಖವು ನಾಲಗೆಯಲ್ಲ, ಶ್ರೋತ್ರ, ಅಂದರೆ ಕಿವಿ. ಜಿಹ್ವೆಯ ಸರದಿ ಬರುವದು ಇನ್ನೂ ಮೂರು ನೆಲೆ ಕೆಳಗೆ, ಸ್ವಾಧಿಷ್ಠಾನದಲ್ಲಿ. ವಿಚಾರವು ಕಂಠಕ್ಕೆ ಬಂದಾಗ ಅದನ್ನು ಸಾರುವದಕ್ಕಿಂತ ಮೊದಲು ಬಲ್ಲವರ ಮಾತನ್ನು ಕೇಳತಕ್ಕದ್ದೆಂಬದು ಇದರ ಅಭಿಪ್ರಾಯವೆಂದು ತೋರುವದು. ಸಭೆಗಳಲ್ಲಿ ಸರ್ವಾನುಮತದಿಂದ ಪಾಸಾಗುವ ಗೊತ್ತುವಳಿಗಳಲ್ಲಿ ಹೆಚ್ಚಿನವು ಕಂಠದಲ್ಲಿಯೇ ಉಳಿದುಬಿಡುವದನ್ನು ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಮಠಗಳ ಸಭೆಗಳೂ ಇದಕ್ಕೆ ಹೊರತಲ್ಲ.

ಅನಾಹತದ ಮುಖವು ತ್ವಕ್ಕು, ತತ್ವವು ವಾಯು, ಲಿಂಗವು ಜಂಗಮ. ಗಾಳಿಯಂತೆ ಸಂಚರಿಸಿ ಲೋಕದ ಸುಖದುಃಖಗಳನ್ನು ಮೈಗೆ ಸೋಂಕಿಸಿಕೊಳ್ಳುವ ಸ್ಥಾನವಿದು. ಕೋಣೆಯೊಳಗೆ ಕುಳಿತೇ ಸಂಕಲ್ಪವನ್ನು ಇಲ್ಲಿಂದ ದಾಟಿಸುವದು ಸಾಧ್ಯವಿಲ್ಲ.

ಎಲ್ಲಕ್ಕೂ ಕಠಿಣವಾದುದು ಮಣಿಪೂರಕ. ಇಲ್ಲಿ ಅಗ್ನಿತತ್ವ, ನೇತ್ರಮುಖ, ಇಚ್ಛಾಶಕ್ತಿ. ಕೇಳಿದುದೂ ಕಂಡುದೂ ಇಚ್ಛೆಯಾಗಿ ಕಾಯುವದು ಈ ನಾಭಿಸ್ಥಾನದಲ್ಲಿಯೇ. ಆದರೆ ಇಚ್ಛೆಯನ್ನು ಹಿಡಿಯಲು ಶಾಸ್ತ್ರವು ಕೊಟ್ಟ ಹಸ್ತದ ಹೆಸರು ನಿರಹಂಕಾರ. ಉರಿಯುವ ಇಚ್ಛೆಗೂ ಅಹಂಕಾರವಿಲ್ಲದ ಕೈಗೂ ಗಂಟುಹಾಕಿದ ಪೂರ್ವಾಚಾರ್ಯರು ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲವರೇ ಆಗಿರಬೇಕು. ಇಚ್ಛೆಯಿಲ್ಲದೆ ಕಾರ್ಯವಿಲ್ಲ, ಇಚ್ಛೆಯು ಪ್ರಬಲವಾದಂತೆ ಅದರೊಡನೆ "ನಾನು ಮಾಡುವೆ" ಎಂಬದೂ ಬೆಳೆಯುವದು. ಸೊನ್ನಲಿಗೆಯ ಸಿದ್ಧರಾಮಯ್ಯನವರ ಪ್ರಸಂಗವು ಇದಕ್ಕೆ ಉತ್ತಮ ದೃಷ್ಟಾಂತ. ಕೆರೆಯನ್ನು ಕಟ್ಟಿಸಿ ಲೋಕಕ್ಕೆ ನೀರನ್ನು ಒದಗಿಸುತ್ತಿದ್ದ ಆ ಮಹಾಪುರುಷರ ಬಳಿಗೆ ಅಲ್ಲಮಪ್ರಭುಗಳು ಬಂದು, ಕೆಲಸಗಾರರ ಎದುರಿಗೆ ಸಿದ್ಧರಾಮಯ್ಯನವರನ್ನು ಹಗುರಾಗಿ ಆಡಿದರೆಂದೂ, ಕೆಲಸಗಾರರು ಕೆರಳಿ ಕಲ್ಲುಗಳನ್ನು ಬೀರಿದರೆಂದೂ, ಸಿದ್ಧರಾಮಯ್ಯನವರ ಕೋಪಾಗ್ನಿಯು ಕೊನೆಗೆ ಪ್ರಭುವಿನ ಮುಂದೆ ಶಾಂತವಾಯಿತೆಂದೂ ಶೂನ್ಯಸಂಪಾದನೆಯಲ್ಲಿ ಬಂದಿದೆ. ಪ್ರಭುಗಳು ಕೆರೆಯನ್ನು ಒಡೆಯಲು ಹೇಳಲಿಲ್ಲ. ಕೆರೆಯು ಇಂದಿಗೂ ಸೊಲ್ಲಾಪುರದ ನಡುವೆ ಇದೆ. ಅವರು ಬಿಡಿಸಿದ್ದು ಕಟ್ಟುವವನ ಹಮ್ಮನ್ನು ಮಾತ್ರ. ಸಿದ್ಧರಾಮಯ್ಯನವರು ಬಳಿಕ ಕಲ್ಯಾಣಕ್ಕೆ ಹೋಗಿ ಚೆನ್ನಬಸವಣ್ಣನವರಿಂದ ದೀಕ್ಷೆಯನ್ನು ಪಡೆದರು. ಈ ಕಥೆಯನ್ನು ಕರ್ಮನಿಂದೆಯೆಂದು ಅರ್ಥಮಾಡುವವರು ಅರ್ಧವನ್ನೇ ಓದಿದವರು.

ಇಚ್ಛೆಯ ಕೆಳಗೆ ಜ್ಞಾನಶಕ್ತಿಯನ್ನು ಇರಿಸಿದ್ದೇಕೆಂದು ಕೆಲವರಿಗೆ ಸಂಶಯವಾಗಬಹುದು. ತಿಳಿವು ಇಚ್ಛೆಗಿಂತ ಮೇಲಿನದಲ್ಲವೆ? ಇಲ್ಲಿಯ ಜ್ಞಾನವು ತತ್ವಜ್ಞಾನವೆಂದು ಹಿಡಿದರೆ ಸಂಶಯವು ಉಳಿಯುವದು. ಸೃಷ್ಟಿಕ್ರಮದಲ್ಲಿ ಇದು ಮಾಡಬೇಕಾದುದರ ಬಗೆಯನ್ನು ಅರಿಯುವ ಜ್ಞಾನ: ಎಷ್ಟು ಹಣ, ಯಾರ ನೆರವು, ಯಾವದು ಮೊದಲು, ಯಾವದು ಆಮೇಲೆ. ಇಚ್ಛೆ ಹುಟ್ಟಿದ ಮೇಲಲ್ಲದೆ ಇದನ್ನು ಯಾರೂ ಕಲಿಯುವದಿಲ್ಲ. ಅದಕ್ಕೆ ತಕ್ಕ ಹಸ್ತವು ಸುಬುದ್ಧಿ, ತಕ್ಕ ಭಕ್ತಿಯು ನಿಷ್ಠೆ. ಇದೆಲ್ಲವೂ ಆಧಾರದ ಪೃಥ್ವೀತತ್ವಕ್ಕೆ ಇಳಿದಾಗ ಆಚಾರವಾಗುವದು.

ಈ ಕ್ರಮಕ್ಕೆ ಸಮೀಪಕಾಲದ ಉದಾಹರಣೆ ಬೇಕಾದರೆ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ವಚನೋದ್ಧಾರ ಕಾರ್ಯವನ್ನು ನೋಡತಕ್ಕದ್ದು. 1880ರಲ್ಲಿ ಧಾರವಾಡದಲ್ಲಿ ಜನಿಸಿದ ಅವರು ವಕೀಲರಾಗಿ ಈಗಿನ ವಿಜಯಪುರದಲ್ಲಿ ನೆಲಸಿದರು. ಶಿವಶರಣರ ವಚನಗಳು ತಾಡೋಲೆಗಳಲ್ಲಿ ಹುಳು ಹಿಡಿದು ನಾಶವಾಗಬಾರದೆಂಬ ವಿಚಾರವು ಅವರಿಗೆ ಹೊಳೆದುದು ದೊಡ್ಡದಲ್ಲ; ಅಂಥ ಮರುಕವು ಅನೇಕರಿಗೆ ಆಗಿದ್ದೀತು. ಅವರು ಅದನ್ನು ಇಳಿಸಿದರು. ಊರೂರು ತಿರುಗಿ, ಮನೆಮಠಗಳಲ್ಲಿ ಕೇಳಿ, ಕಟ್ಟುಗಳನ್ನು ಬಿಚ್ಚಿಸಿ ಓಲೆಗಳನ್ನು ಕೈಯಾರೆ ಮುಟ್ಟಿ ನೋಡಿದರು. ಓಲೆಗಳನ್ನು ದೇವರಕೋಣೆಯಲ್ಲಿಟ್ಟು ಪೂಜಿಸುವ ಮನೆಗಳಲ್ಲಿ ಅವು ಹೊರಗೆ ಬರುವದು ಸುಲಭವಲ್ಲ. ಶ್ರೋತ್ರ ತ್ವಕ್ಕುಗಳ ಪರೀಕ್ಷೆಯೆಂದರೆ ಇಂಥದು. ಬಳಿಕ ಪ್ರತಿಗಳನ್ನು ತಾಳೆನೋಡಿ, ವಚನಗಳನ್ನು ವಿಷಯಕ್ರಮದಿಂದ ಜೋಡಿಸುವ ದೀರ್ಘವಾದ ದುಡಿಮೆ. ವಚನಶಾಸ್ತ್ರಸಾರದ ಮೊದಲನೆಯ ಭಾಗವು ಬೆಳಗಾವಿಯಲ್ಲಿ ಅಚ್ಚಾಗಿ 1923ರಲ್ಲಿ ಹೊರಬಂದಿತು.

ಸಾಮಾನ್ಯನಾದರೆ ಇಲ್ಲಿಗೆ ಕೃತಾರ್ಥನೆಂದು ನಿಲ್ಲುತ್ತಿದ್ದನು. ಒಂದು ಗ್ರಂಥದಿಂದ ತೀರುವ ಕೆಲಸವಲ್ಲವೆಂದೂ, ಪರರ ಮುದ್ರಣಾಲಯಗಳನ್ನು ನಂಬಿ ಮುಂದಿನದು ಸಾಗುವದಿಲ್ಲವೆಂದೂ ಅವರು ಕಂಡುಕೊಂಡರು. ಆರು ಚಕ್ರಗಳ ಐವತ್ತು ದಳಗಳಲ್ಲಿ ಐವತ್ತು ಅಕ್ಷರಗಳಿರುವವೆಂದು ಆಗಮಿಕರು ಹೇಳುವರು. ಆ ಅಕ್ಷರಗಳು ಸೀಸದ ಮೊಳೆಗಳಾಗಿ ಪೆಟ್ಟಿಗೆಗಳಲ್ಲಿ ಕೂಡ್ರಬೇಕಾದರೆ ಹಣವು ಬೇಕು. ಹಳಕಟ್ಟಿಯವರು ತಮ್ಮ ವಾಸದ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷವೇ ಶಿವಾನುಭವ ಪತ್ರಿಕೆಯು ಆರಂಭವಾಯಿತು. ಅದೇ 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪದವಿಯೂ ಅವರನ್ನು ಅರಸಿ ಬಂದಿತು. ಪದವಿಯಿಂದ ಮನೆಯೇನೂ ಮರಳಿ ಬರಲಿಲ್ಲ. 1964ರಲ್ಲಿ ಲಿಂಗೈಕ್ಯರಾಗುವವರೆಗೂ ಅವರು ಬಡತನದಲ್ಲಿಯೇ ಇದ್ದು, ವಚನಗಳ ಕೆಲಸವನ್ನು ಬಿಡದೆ ನಡೆಸಿದರು.