ಹಗ್ಗದ ಈ ತುದಿ



ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಲ್ಲಿ, ದೂರದ ಊರುಗಳ ಗಾಡಿಗಳು ಬಂದು ನಿಲ್ಲುವ ಕಡೆ, ನಸುಕಿನಲ್ಲಿ ಇಳಿದವರು ಈ ದೃಶ್ಯವನ್ನು ಕಂಡಿರಬಹುದು. ಖಾಕಿಯ ಪೇದೆಯೊಬ್ಬನ ಎಡಮೊಣಕಾಲಿಗೆ ಭುಜ ತಾಗಿಸಿಕೊಂಡು ಒಂದು ಲ್ಯಾಬ್ರಡಾರ್ ನಾಯಿ ನಡೆಯುತ್ತಿರುತ್ತದೆ. ಸಾಲಾಗಿಟ್ಟ ಪೆಟ್ಟಿಗೆಗಳ ಸಂದನ್ನೂ ಚೀಲಗಳ ಜಿಪ್ಪನ್ನೂ ಪೇದೆಯ ಬಲಗೈ ಒಂದೊಂದಾಗಿ ತೋರಿಸುತ್ತ ಹೋದಂತೆ, ನಾಯಿಯ ಮೂಗು ಆ ಬೆರಳುಗಳ ಹಿಂದೆಯೇ ಸರಿಯುತ್ತದೆ. ನೆರೆದವರೆಲ್ಲ ನಾಯಿಯನ್ನು ನೋಡುತ್ತಾರೆ, ಮಕ್ಕಳು ಅದರ ಹೆಸರು ಕೇಳುತ್ತಾರೆ. ನಾನೂ ಬಹುಕಾಲ ಹಾಗೆಯೇ ನೋಡಿದವನು. ಆಮೇಲೊಮ್ಮೆ ಆ ಪೇದೆಯ ದೃಷ್ಟಿಯನ್ನು ಗಮನಿಸಿದೆ: ಅದು ಪೆಟ್ಟಿಗೆಗಳ ಮೇಲೆ ಒಂದು ಕ್ಷಣವೂ ನಿಲ್ಲದೆ, ನಾಯಿಯ ಬಾಲದ ಬುಡದಲ್ಲಿಯೂ ಪಕ್ಕೆಯ ಏರಿಳಿತದಲ್ಲಿಯೂ ನೆಟ್ಟಿತ್ತು. ಇಲಾಖೆಯಲ್ಲಿ ‘ಹ್ಯಾಂಡ್ಲರ್’ ಎಂದು ಕರೆಯಿಸಿಕೊಳ್ಳುವ, ಹಗ್ಗದ ಈ ತುದಿಯಲ್ಲಿರುವ ಆ ಮನುಷ್ಯನ ವೃತ್ತಿಯನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

1993ರ ಮಾರ್ಚ್ 12ರಂದು ಈ ನಗರದ ಹನ್ನೆರಡು ಕಡೆ ಬಾಂಬುಗಳು ಸ್ಫೋಟಿಸಿ 257 ಮಂದಿ ಪ್ರಾಣ ತೆತ್ತರು. ಆಗ ಬಾಂಬು ಪತ್ತೆ ದಳದಲ್ಲಿದ್ದ ‘ಝಂಜೀರ್’ ಎಂಬ ಲ್ಯಾಬ್ರಡಾರಿಗೆ ವಯಸ್ಸು ಒಂದು ವರ್ಷ ಎರಡು ತಿಂಗಳು. ಪುಣೆಯ ಶಿವಾಜಿನಗರದ ತರಬೇತಿ ಕೇಂದ್ರದಲ್ಲಿ ಪಾಠ ಮುಗಿಸಿ ದಳಕ್ಕೆ ಸೇರಿ ಮೂರು ತಿಂಗಳೂ ತುಂಬಿರಲಿಲ್ಲ. ಸ್ಫೋಟವಾದ ಕೆಲವೇ ದಿನಗಳಲ್ಲಿ ಧಂಜಿ ಸ್ಟ್ರೀಟಿನಲ್ಲಿ ನಿಂತಿದ್ದ ಸ್ಕೂಟರೊಂದರಲ್ಲಿ ಅಡಗಿದ್ದ ಸ್ಫೋಟಕವನ್ನು ಅದು ತೋರಿಸಿಕೊಟ್ಟಿತು. ಅದರ ಸೇವಾವಧಿಯಲ್ಲಿ ಪತ್ತೆಯಾದ ಆರ್‌ಡಿಎಕ್ಸ್ 3,329 ಕಿಲೋ, ಡಿಟೊನೇಟರುಗಳು 600, ಕೈಬಾಂಬುಗಳು 249 ಎಂದು ಲೆಕ್ಕ ಹೇಳುತ್ತಾರೆ. 2000ದ ನವೆಂಬರ್ 16ರಂದು ಎಲುಬಿನ ಕ್ಯಾನ್ಸರಿನಿಂದ ತೀರಿಕೊಂಡಾಗ ಪೊಲೀಸ್ ಗೌರವದೊಡನೆ ಅದರ ಅಂತ್ಯಕ್ರಿಯೆ ನಡೆಯಿತು. ಆ ಗೌರವ ಯೋಗ್ಯವಾದುದೇ. ಆದರೆ ಝಂಜೀರನ ಹೆಸರು ಬಲ್ಲ ಸಾವಿರಾರು ಜನರಲ್ಲಿ, ಆ ಗಲ್ಲಿಗಳಲ್ಲಿ ಅದರ ಸಂಗಡ ಅಷ್ಟೇ ಸಮೀಪಕ್ಕೆ ಹೋಗಿ ನಿಂತವರ ಹೆಸರನ್ನು ಹೇಳಬಲ್ಲವರು ಎಷ್ಟು ಮಂದಿ? ಝಂಜೀರ್ ಎಂದರೆ ಸರಪಣಿ. ಸರಪಣಿಗೆ ಎರಡು ತುದಿಗಳಿರುವುದು ನಮಗೆ ನೆನಪಿರಬೇಕಾಗಿತ್ತು.

ಮನುಷ್ಯನ ಮೂಗಿನಲ್ಲಿ ವಾಸನೆಯನ್ನು ಗ್ರಹಿಸುವ ಜೀವಕೋಶಗಳು ಐವತ್ತು ಅರವತ್ತು ಲಕ್ಷದಷ್ಟಿದ್ದರೆ ನಾಯಿಯಲ್ಲಿ ಅವು ಇಪ್ಪತ್ತು ಕೋಟಿಗೂ ಮಿಕ್ಕಿವೆ. ಆದುದರಿಂದ ಮೂಸುವುದನ್ನು ನಾಯಿಗೆ ಯಾರೂ ಕಲಿಸಬೇಕಾಗಿಲ್ಲ. ಯಾವ ವಾಸನೆ ಬೇಕು, ಅದು ಸಿಕ್ಕಿದಾಗ ಏನು ಮಾಡಬೇಕು ಎಂಬುದಷ್ಟೇ ಪಾಠ. ಸ್ಫೋಟಕದ ಮುಂದೆ ಬೊಗಳಿದರೂ ಕಷ್ಟ, ಕೆರೆದರೂ ಕಷ್ಟ, ಮೌನವಾಗಿ ಕುಳಿತುಬಿಡಬೇಕು. ಸಾಲು ಡಬ್ಬಿಗಳಲ್ಲೊಂದರಲ್ಲಿ ಸ್ಫೋಟಕದ ಮಾದರಿಯನ್ನಿಟ್ಟು, ನಾಯಿ ಸರಿಯಾದ ಡಬ್ಬಿಯ ಮುಂದೆ ಕುಳಿತೊಡನೆ ಅದಕ್ಕೆ ಪ್ರಿಯವಾದ ಚೆಂಡನ್ನು ಕೊಡುತ್ತಾರೆ. ಕೇಳಲು ಇದು ಸುಲಭ. ಆದರೆ ಮಾದರಿಯನ್ನಿಟ್ಟ ಡಬ್ಬಿಯೊಂದನ್ನೇ ಕೈಯಿಂದ ಮುಟ್ಟಿದ್ದರೆ ನಾಯಿ ಮದ್ದಿನ ವಾಸನೆಯನ್ನು ಬಿಟ್ಟು ಆ ಕೈಯ ವಾಸನೆಯನ್ನು ಕಲಿಯುತ್ತದೆ. ಆದಕಾರಣ ಬರಿದಾದ ಡಬ್ಬಿಗಳನ್ನೂ ಅದೇ ಕೈಯಿಂದ ಮುಟ್ಟಿಡಬೇಕು. ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ಶತಮಾನದ ಹಿಂದೆ ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆ ಗೊರಸು ತಟ್ಟಿ ಲೆಕ್ಕದ ಉತ್ತರ ಹೇಳುತ್ತದೆಂದು ಲೋಕವೇ ಬೆರಗಾಗಿತ್ತು; ಆಸ್ಕರ್ ಫುಂಗ್‌ಸ್ಟ್ ಎಂಬ ವಿದ್ವಾಂಸನು 1907ರಲ್ಲಿ ಪರೀಕ್ಷಿಸಲಾಗಿ, ಪ್ರಶ್ನೆ ಕೇಳಿದವನು ತನಗರಿಯದಂತೆಯೇ ತಲೆಯನ್ನು ಎಳೆಯಷ್ಟು ಅಲುಗಿಸುವುದನ್ನು ಕಂಡು ಕುದುರೆ ತಟ್ಟುವುದನ್ನು ನಿಲ್ಲಿಸುತ್ತಿತ್ತೆಂದು ತಿಳಿಯಿತು. ನಾಯಿಯೂ ಹಾಗೆಯೇ. ಡಬ್ಬಿ ಸಮೀಪಿಸಿದಾಗ ಹಗ್ಗ ಹಿಡಿದವನ ಉಸಿರು ಬಿಗಿದರೆ ಸಾಕು, ಅದು ಅವನನ್ನು ಓದಿಕೊಂಡು ಕುಳಿತುಬಿಡುತ್ತದೆ. ಅದಕ್ಕಾಗಿಯೇ ಮಾದರಿಯನ್ನು ಇನ್ನೊಬ್ಬರು ಬಚ್ಚಿಡುವುದು, ಹ್ಯಾಂಡ್ಲರನಿಗೆ ಅದರ ಸುಳಿವೇ ಇಲ್ಲದಿರುವುದು. ತನಗೆ ತಿಳಿಯದುದನ್ನು ನಾಯಿ ತಿಳಿದಿದೆಯೆಂದು ಒಪ್ಪಿಕೊಳ್ಳುವ ವಿನಯವನ್ನು ಈ ವೃತ್ತಿ ಪ್ರತಿದಿನವೂ ಬೇಡುತ್ತದೆ.

ನಮ್ಮ ಕಡೆಯವರು ಇಲ್ಲಿ ಸಹಜವಾಗಿಯೇ ಒಂದು ಪ್ರಶ್ನೆ ಕೇಳುವುದುಂಟು: ಮುಧೋಳದ ನಾಯಿ ಈ ಕೆಲಸಕ್ಕೆ ಆಗದೇ ಎಂದು. ಸೈನ್ಯದವರು ಮೀರತ್ತಿನ ತಮ್ಮ ಕೇಂದ್ರದಲ್ಲಿ 2016ರಿಂದ ಅದಕ್ಕೂ ಶಿಕ್ಷಣ ಕೊಡತೊಡಗಿದ್ದಾರೆ. ಆದರೂ ಮುಧೋಳದ್ದು ಕಣ್ಣಿನಿಂದ ಬೇಟೆಯಾಡುವ ತಳಿ. ಜನಜಂಗುಳಿಯ ನಡುವೆ ಸಾವಿರ ಚೀಲಗಳನ್ನು ಬೇಸರವಿಲ್ಲದೆ ಮೂಸುವ ಸಹನೆ ಲ್ಯಾಬ್ರಡಾರಿನದು.

ಮುಂಬಯಿಯ ಹವೆಯೋ, ಈ ಸಹನೆಯನ್ನೂ ಸೋಲಿಸುವಂಥದು. ಮೇ ತಿಂಗಳ ಸೆಕೆಯಲ್ಲಿ ಬಾಯಿ ತೆರೆದು ಏದುಸಿರು ಬಿಡುವ ನಾಯಿ ಚೆನ್ನಾಗಿ ಮೂಸಲಾರದು. ಒಂದೇ ಬಾಯಿಯಲ್ಲಿ ಊದುವುದೂ ಹೀರುವುದೂ ಆಗದಷ್ಟೇ ನಿಜವಾದ ಕಷ್ಟ ಅದರದು. ಆದುದರಿಂದ ಪಕ್ಕೆಯ ಏರಿಳಿತ ನೋಡಿ, ನೆರಳಿಗೆ ಕರೆದೊಯ್ದು, ನೀರು ಕುಡಿಸಿ, ಉಸಿರು ಹದಕ್ಕೆ ಬಂದ ಮೇಲೆಯೇ ಮುಂದಿನ ಪ್ಲಾಟ್‌ಫಾರಮಿಗೆ ಹೊರಡಬೇಕು. ಸುಳ್ಳು ದೂರವಾಣಿ ಕರೆಗಳಿಂದ ಗಂಟೆಗಟ್ಟಲೆ ಹುಡುಕಿ ಏನೂ ಸಿಕ್ಕದ ದಿನಗಳಲ್ಲಂತೂ, ನಾಯಿಗೆ ಹುಡುಕುವುದರಲ್ಲಿಯೇ ಆಸೆ ಬತ್ತದಿರಲೆಂದು, ಕೊನೆಗೊಂದು ಮಾದರಿಯನ್ನು ಎಲ್ಲಿಯಾದರೂ ಬಚ್ಚಿಟ್ಟು, ಅದನ್ನು ಕಂಡುಹಿಡಿದ ಸಂತೋಷದಲ್ಲಿಯೇ ನಾಯಿಯನ್ನು ಗೂಡಿಗೆ ಮರಳಿಸುತ್ತಾರೆ. ಬರಿಗೈಯ ದಿನಗಳೇ ಈ ವೃತ್ತಿಯಲ್ಲಿ ಹೆಚ್ಚು; ಅವುಗಳ ಲೆಕ್ಕ ಯಾವ ವರದಿಯಲ್ಲಿಯೂ ಬರುವುದಿಲ್ಲ.

2008ರ ನವೆಂಬರಿನಲ್ಲಿ ಮುಂಬಯಿಯ ಮೇಲೆ ನಡೆದ ಉಗ್ರರ ದಾಳಿಯ ಸಮಯದಲ್ಲಿ ದುಡಿದ ಮ್ಯಾಕ್ಸ್, ಸುಲ್ತಾನ್, ಟೈಗರ್, ಸೀಸರ್ ಎಂಬ ನಾಲ್ಕು ಲ್ಯಾಬ್ರಡಾರುಗಳು ನಿವೃತ್ತಿಯ ತರುವಾಯ ವಿರಾರಿನ ತೋಟದ ಮನೆಯೊಂದರಲ್ಲಿ ಆಶ್ರಯ ಪಡೆದು, 2016ರ ಒಂದೇ ವರ್ಷದಲ್ಲಿ ಒಂದರ ಹಿಂದೊಂದಾಗಿ ಕಣ್ಮುಚ್ಚಿದವು. ಕಡೆಯದು ಸೀಸರ್, ಅಕ್ಟೋಬರಿನಲ್ಲಿ. ನಾಯಿಯ ಸೇವೆ ಎಂಟು ಹತ್ತು ವರ್ಷ; ಪೇದೆಯದು ಮೂವತ್ತಕ್ಕೂ ಮಿಕ್ಕಿದ್ದು. ಈ ಕೆಲಸವನ್ನೇ ಹಿಡಿದು ಉಳಿದವನು ಎರಡು ಮೂರು ಬಾರಿಯಾದರೂ, ತನ್ನ ಉಸಿರನ್ನು ಓದಬಲ್ಲ ಜೀವವನ್ನು ಬೀಳ್ಕೊಟ್ಟು, ಏನೂ ಅರಿಯದ ಮರಿಯೊಂದರಿಂದ ಪುನಃ ಆರಂಭಿಸಬೇಕಾಗುತ್ತದೆ. ಹಳೆಯ ನಾಯಿಯಿಂದ ಅವನು ಕಲಿತ ಬಾಲದ ಭಾಷೆಯನ್ನು ಬರೆದಿಟ್ಟ ಪುಸ್ತಕವಿಲ್ಲ. ಅದು ಪಕ್ಕದಲ್ಲಿ ನಿಂತು ನೋಡುವ ಕಿರಿಯ ಪೇದೆಗೆ ಕಣ್ಣಿನಿಂದ ಕಣ್ಣಿಗೆ ದಾಟುತ್ತದೆ. ಹೊಸ ಮರಿ ಬಂದ ಮೊದಲ ದಿನ ಅವನು ಪಾಠವನ್ನೇನೂ ತೊಡಗುವುದಿಲ್ಲ. ಟೋಪಿ ತೆಗೆದು ಪಕ್ಕಕ್ಕಿಟ್ಟು, ಅದರೆದುರು ನೆಲದ ಮೇಲೆಯೇ ಕುಳಿತು, ಮೂಸಿ ನೋಡಲೆಂದು ತನ್ನ ಅಂಗೈಯನ್ನು ಮುಂದೆ ಚಾಚುತ್ತಾನೆ.